ಎಡಗೈಯ ಬಳೆಗಳು

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅಕ್ಕ ಎರಡೂ ಕೈಯ ಗಾಜಿನ ಬಳೆಗಳನ್ನು ತೆಗೆದು ನನ್ನ ಬೊಗಸೆಗೆ ಹಾಕಿದಳು. "ಹೆದರ್ಬೇಡ ಮಾರಾಯ, ನಿನ್ ಕಿಡ್ನಿ ಕೇಳೋಕೆ ಕರೆದಿಲ್ಲ. ಇವನ್ನ ಹಿಡ್ಕೊ, ಒಡೀಬೇಡ" ಎಂದು ನಕ್ಕು ಒಳಗೆ ಹೋದಳು.

ನಾನು ಭದ್ರಾವತಿಯಲ್ಲಿ ಆಟೋ ಓಡಿಸುವವನು, ಹೆಚ್ಚು ಓದಿಲ್ಲ. ಶಿವಮೊಗ್ಗದಲ್ಲಿರುವ ಅಕ್ಕನಿಗೆ ಡಯಾಲಿಸಿಸ್ ಬೇಕಾಗುತ್ತದೆ ಎಂದು ತಿಳಿದಾಗ, ಒಡಹುಟ್ಟಿದವರ ಕಿಡ್ನಿ ಚೆನ್ನಾಗಿ ಹೊಂದುತ್ತದೆ ಎಂದು ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಅಂದಿನಿಂದ ಅವಳ ಫೋನ್ ಎತ್ತುವುದನ್ನೇ ಬಿಟ್ಟಿದ್ದೆ. ಕೊನೆಗೆ ಅವಳು ನನ್ನ ಹೆಂಡತಿಗೆ ಫೋನ್ ಮಾಡಿ ನನ್ನನ್ನು ಕರೆಸಿಕೊಂಡಿದ್ದಳು. ಡಯಾಲಿಸಿಸ್‌ಗೆ ಯಾವ ರಕ್ತನಾಳ ಸರಿಹೋಗುತ್ತದೆ ಎಂದು ಕೈಗೆ, ಕುತ್ತಿಗೆಗೆ ಜೆಲ್ ಹಚ್ಚಿ ನೋಡುವ ಸ್ಕ್ಯಾನ್ ಅಷ್ಟೇ ಅದು.

ಅವಳು ಹೊರಬಂದಾಗ ಬಳೆಗಳನ್ನು ಮುಂದೆ ಹಿಡಿದೆ. ಬಲಗೈಯವನ್ನು ಮಾತ್ರ ತೊಟ್ಟಳು. "ಎಡಗೈ ನರ ಚೆನ್ನಾಗಿದೆಯಂತೆ, ಅದನ್ನ ಡಯಾಲಿಸಿಸ್‌ಗೇ ಅಂತ ಜೋಪಾನ ಮಾಡ್ಬೇಕಂತೆ. ಇನ್ಮೇಲೆ ಈ ಕೈಗೆ ಸೂಜಿನೂ ಬೇಡ, ಬಳೆನೂ ಬೇಡ ಅಂದ್ರು. ಇವು ನಿನ್ ಹತ್ರಾನೇ ಇರ್ಲಿ. ನಾನೇನೂ ಕೇಳಲ್ಲ ಕಣೋ, ಫೋನ್ ಎತ್ತು ಸಾಕು."

ಆ ಬಳೆಗಳು ಈಗ ನನ್ನ ಆಟೋದಲ್ಲಿವೆ. ಬಟ್ಟೆ ಸುತ್ತಿಟ್ಟಿದ್ದರೂ ಗಾಡಿ ಗುಂಡಿಗೆ ಇಳಿದಾಗ ಕಿಣಿಗುಟ್ಟುತ್ತವೆ. ಕಿಡ್ನಿ ಕೊಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ, ಅದನ್ನು ಅಕ್ಕನಿಗೇ ಹೇಳಿದ್ದೇನೆ. ಫೋನ್ ಮಾತ್ರ ಮೊದಲ ರಿಂಗಿಗೇ ಎತ್ತುತ್ತೇನೆ.