ಹಸಿಮರದ ಗಿಣಿ

ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರು ವಾರಕ್ಕೊಂದು ಬಣ್ಣ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಒತ್ತಿ ಆ ಬೆರಳೇ ಚಪ್ಪಟೆಯಾಗಿತ್ತು. ಕರಗಿದ ಅರಗು ಉಗುರಿನ ಸಂದಿಯಲ್ಲಿ ಕೂತು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆಯ ಮೇಲೆ ಮೊದಲು ಕಾಣುತ್ತಿದ್ದುದು ಆ ಹಳದಿಯೋ ಕೆಂಪೋ ಉಗುರು.

ಅವರು ನನಗೆ ರಕ್ತಸಂಬಂಧಿಯಲ್ಲ, ಹೊಂಗನೂರಿನಲ್ಲಿ ನಮ್ಮ ಎದುರುಮನೆಯವರು. ಹೊಲವನ್ನು ತಮ್ಮನಿಗೆ ಬಿಟ್ಟು, ಹಿತ್ತಿಲ ಶೆಡ್ಡಿನಲ್ಲಿ ಲೇತು ಹಾಕಿಕೊಂಡು ಬೊಂಬೆ ಮಾಡುತ್ತಿದ್ದರು. ಒಕ್ಕಲು ಮನೆಯವನಿಗೆ ಇದೇನು ಆಟ ಎಂದು ಊರು ನಗುತ್ತಿತ್ತು. ಅವರು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಮಹಾ ಹಠಮಾರಿ. ಬೊಂಬೆಯ ಹಾಲೆ ಮರವನ್ನು ತುಂಡು ಮಾಡಿ ಒಣಗಲು ಅಟ್ಟಕ್ಕೆ ಹಾಕಿದರೆ, ಒಂದು ಮಳೆಗಾಲ ಒಂದು ಬೇಸಿಗೆ ದಾಟುವವರೆಗೆ ಕೆಳಗಿಳಿಸುವಂತಿಲ್ಲ. ಅಂಗಡಿಯವರು ಬಂದು ಪೀಡಿಸಿದರೆ, 'ಬಸುರಿ ಹೆಂಗ್ಸುಗೂ ಹಿಂಗೇ ಅವಸರ ಮಾಡ್ತೀರಾ?' ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ನೇಮವನ್ನು ಮೊದಲು ಮುರಿಸಿದವಳು ನಾನು.

ಆಗ ನಾನು ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಮಂಗಳೂರಿನ ಗಂಡಹೆಂಡತಿ ಬಂದರು. ಅವರದೊಂದು ವಿಚಿತ್ರ ಆಟ. ಯಾರೋ ಒಂದು ಸಣ್ಣ ಡಬ್ಬಿಯನ್ನು ಬಂಡೆಸಂದಿಯಲ್ಲೋ ಮರದ ಪೊಟರೆಯಲ್ಲೋ ಬಚ್ಚಿಟ್ಟು ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ, ಇನ್ನು ಯಾರೋ ಹುಡುಕಿಕೊಂಡು ಹೋಗುತ್ತಾರೆ. ಡಬ್ಬಿಯೊಳಗೆ ನಂಬರು ಕೊರೆದ ಬಿಲ್ಲೆ ಕಟ್ಟಿದ ವಸ್ತುವೊಂದಿದ್ದರೆ, ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಹಾಕಿ, ಎಲ್ಲಿ ಹಾಕಿದೆವೆಂದು ಬರೆಯಬೇಕು. ತಮ್ಮ ಬಿಲ್ಲೆಗೆ ಚನ್ನಪಟ್ಟಣದ ಬೊಂಬೆಯೇ ಬೇಕು, ಅದು ಮಂಗಳೂರಿನಿಂದ ಕಾರವಾರದವರೆಗೆ ಕಡಲತೀರದಲ್ಲಿ ಓಡಾಡಬೇಕು ಎಂದರು. ಅಂಗಡಿಯದ್ದು ಬೇಡವಂತೆ. ಕಣ್ಣೆದುರೇ ಮಾಡಿಸಿ ಸಂಜೆಯೊಳಗೆ ಹೊರಡಬೇಕಂತೆ.

ನಾನು ಜಂಬದಿಂದ ಕರೆದುಕೊಂಡು ಹೋದೆ. ಅಟ್ಟದಲ್ಲಿ ಒಣಮರ ಮುಗಿದಿತ್ತು. ಆಗುವುದಿಲ್ಲ ಎಂದರು ದೊಡ್ಡಪ್ಪ. ನನ್ನ ಮರ್ಯಾದೆ ಹೋಗುತ್ತದೆ ಎಂದು ಗೋಗರೆದೆ. ಕೊನೆಗೆ ಅಂಗಳದಲ್ಲಿದ್ದ ಹಸಿತುಂಡನ್ನೇ ಲೇತಿಗೆ ಕಚ್ಚಿಸಿ, ಬೆರಳುದ್ದದ ಹಸಿರು ಗಿಣಿಯೊಂದನ್ನು ಕಡೆದು, ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸಿ ಕೊಟ್ಟರು. ಬಂದವರು ಕುಣಿದಾಡಿಬಿಟ್ಟರು. ದೊಡ್ಡಪ್ಪ ಮಾತ್ರ ಕಾರು ಹೋದ ಕಡೆಯೇ ನೋಡುತ್ತ ನಿಂತಿದ್ದರು.

ಅಲ್ಲಿಂದ ಪ್ರತಿ ಗುರುವಾರ ಸೆಂಟರಿಗೆ ಬರತೊಡಗಿದರು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುವರು. ಗಿಣಿ ಸಿಕ್ಕವರು ಇಂಟರ್ನೆಟ್ಟಿನಲ್ಲಿ ಬರೆದ ಇಂಗ್ಲಿಷನ್ನು ನಾನು ಓದಿ ಹೇಳಬೇಕು. ಗಿಣಿ ಮಲ್ಪೆಗೆ ಹೋಯಿತು, ಮರವಂತೆಗೆ ಹೋಯಿತು. ಸಮುದ್ರವನ್ನೇ ಕಾಣದ ಮನುಷ್ಯ ಆ ಊರುಗಳ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ: 'ಬಿರುಕು ಬುಟ್ಟೈತೆ ಅಂತೇನಾರ ಬರ್ದವ್ರಾ?' ಇಲ್ಲ ಎಂದರೆ ಎದ್ದು ಹೋಗುವರು.

ಐದನೆಯ ತಿಂಗಳು ಯಾರೋ ಬರೆದಿದ್ದರು. ಗಿಣಿ ಕತ್ತಿನಿಂದ ಹೊಟ್ಟೆಯವರೆಗೆ ಸೀಳಿದೆ, ಅದನ್ನು ಎಸೆದು ಬಿಲ್ಲೆಗೆ ಪ್ಲಾಸ್ಟಿಕ್ ಮೀನು ಕಟ್ಟಿದ್ದೇವೆ ಎಂದು. ಮೀನಿನ ಫೋಟೋ ಕೂಡ ಇತ್ತು. ಸ್ಟೂಲಿನ ಮೇಲಿದ್ದ ಆ ಮುಖ ನೋಡಿ ನನ್ನ ನಾಲಿಗೆ ಹೊರಳಿತು. ಹೊಸದರಂತೆಯೇ ಇದೆಯಂತೆ ದೊಡ್ಡಪ್ಪ ಎಂದೆ. ಆಮೇಲಿನ ಗುರುವಾರಗಳಲ್ಲೂ ಅದನ್ನೇ ಹೇಳಿದೆ. ಕರುಣೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಕರುಣೆಯಂತೆ, ಮಣ್ಣು! ಗೋಗರೆದವಳು ನಾನೆಂಬ ಅಳುಕು ಅದು.

ಅವರು ನಂಬಿದರು. ಉಪ್ಪುಗಾಳಿಗೇ ಹಸಿಮರ ತಡೆದುಕೊಂಡಿತೆಂದರೆ ತಾನು ಇಷ್ಟು ವರ್ಷ ಸುಮ್ಮನೆ ಹೆದರಿದ್ದೆ ಎಂದುಕೊಂಡರು. ಹೆದ್ದಾರಿಯ ಅಂಗಡಿಗಳಲ್ಲಿ ಆಗ ಪ್ಲಾಸ್ಟಿಕ್ ಬೊಂಬೆ ರಾಶಿ ಬಿದ್ದಿತ್ತು. ಬೇಗ ಕೊಟ್ಟರೆ ನಿಮ್ಮ ಮಾಲು, ಇಲ್ಲದಿದ್ದರೆ ಇದು ಎನ್ನುತ್ತಿದ್ದರು ಅಂಗಡಿಯವರು. ದೊಡ್ಡಪ್ಪ ಜೀವಮಾನದಲ್ಲಿ ಮೊದಲ ಸಲ ಅಂಗಡಿಯವರ ಅವಸರದ ಆರ್ಡರ್ ಒಪ್ಪಿಕೊಂಡು, ಹಸಿಮರದಲ್ಲೇ ಬುಗುರಿ ಕಡೆದು ಮೂಟೆ ಮೂಟೆ ಕಳಿಸಿದರು. ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಹಸಿಮರದ ವಾಸನೆ ನಮ್ಮ ಜಗಲಿಗೂ ಬರುತ್ತಿತ್ತು.

ಬೇಸಿಗೆಯಲ್ಲಿ ಮೂಟೆಗಳು ವಾಪಸು ಬಂದವು. ಅಂಗಡಿಯವನು ಅವರ ಬಾಗಿಲಲ್ಲೇ ಸುರಿದು ಹೋದ. ಬಿರುಕು ಬಿಡದ ಬುಗುರಿ ಒಂದೂ ಇರಲಿಲ್ಲ.

ಮರುದಿನ ಗುರುವಾರವಲ್ಲದಿದ್ದರೂ ಬಂದರು. ಓದುವುದು ಬೇಡ, ಫೋಟೋ ತೋರಿಸು ಎಂದರು. ತೋರಿಸಿದೆ. ಆ ಹೆಬ್ಬೆರಳನ್ನು ಪರದೆಯ ಮೇಲಿನ ಮೀನಿಗೆ ಒತ್ತಿ ನೋಡಿದರು.

'ಒಡ್ದೋಯ್ತು ಅಂತ ಒಂದ್ ಮಾತು ಅಂದಿದ್ರೆ, ಮರ ಒಣಗುಸ್ತಿದ್ದೆ ಕಣವ್ವ' ಎಂದರು.

ಆಮೇಲೆ ಯಾವ ಅಂಗಡಿಯೂ ಅವರ ಕೈಯ ಮಾಲು ಮುಟ್ಟಲಿಲ್ಲ. ಆದರೂ ಮತ್ತೆ ಹಾಲೆ ಮರ ತರಿಸಿ, ತುಂಡು ಮಾಡಿ ಅಟ್ಟಕ್ಕೇರಿಸಿದರು. ಅದು ಒಣಗುವವರೆಗೆ ಎಂದು, ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವ ಕೆಲಸಕ್ಕೆ ಸೇರಿದರು. ಬಸ್ಸಿನಲ್ಲಿ ಎದುರಾದರೆ ಊಟ ಆಯಿತೇ ಎಂದು ಕೇಳುವರು, ಅಷ್ಟೇ. ಉಗುರು ಬೆಳ್ಳಗಾಗಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಮರುವರ್ಷದ ಬೇಸಿಗೆಯ ಕೊನೆಗೆ, ಎದೆನೋವು ಎಂದು ಮಲಗಿದವರು ಏಳಲಿಲ್ಲ.

ಬಿಲ್ಲೆ ಇನ್ನೂ ಓಡಾಡುತ್ತಿತ್ತು. ಆ ವಾರ ಸೆಂಟರಿನಲ್ಲಿ ತೆಗೆದು ನೋಡಿದರೆ ಗೋಕರ್ಣದಲ್ಲಿತ್ತು. ಮೀನು ಮುದ್ದಾಗಿದೆ ಎಂದು ಯಾರೋ ಬರೆದಿದ್ದರು.

ತಿಥಿಯ ದಿನ ಅಡುಗೆಗೆ ಸೌದೆ ಸಾಲದೆ ಅಟ್ಟದ ಹಾಲೆ ತುಂಡುಗಳನ್ನು ಇಳಿಸಿದರು. ಬೇಡ ಎನ್ನಲು ಬಾಯಿ ತೆರೆದೆ. ಯಾವ ಬಾಯಲ್ಲಿ ಹೇಳಲಿ? ಒಲೆ ಊದುವ ಮೊದಲೇ ಹತ್ತಿಕೊಂಡಿತು. ಅಡುಗೆಯವನು ಸೌಟು ಹಿಡಿದುಕೊಂಡೇ ಮೆಚ್ಚಿದ: 'ಒಸಿನೂ ಹೊಗೆ ಇಲ್ಲ ಕಣ್ರಪ್ಪ. ಯಾರೋ ಚೆನ್ನಾಗಿ ಒಣಗ್ಸವ್ರೆ.'

ಎಲೆಯ ಮುಂದೆ ಕೂತೆ. ಕಣ್ಣಲ್ಲಿ ನೀರು ಬಂದರೆ ಹೊಗೆ ಎನ್ನಲೂ ಆಗುವಂತಿರಲಿಲ್ಲ.