ಕತ್ತರಿಸಿಹೋದ ಅರ್ಥಿಂಗ್ ಪಿನ್ನು

ಗೆಳೆಯರೇ, ಹೋದ ವಾರ ರಿಪೇರಿಗೆ ಕೊಟ್ಟಿದ್ದ ನನ್ನ ಟೈಲ್ಸ್ ಕಟ್ಟರಿನ ಪ್ಲಗ್ಗಿನಲ್ಲಿ ಶಾಕ್ ಹೊಡೆಯದಂತೆ ಕಾಯುವ ಮೂರನೇ ಪಿನ್ನನ್ನೇ, ಅಂದರೆ ಅರ್ಥಿಂಗ್ ಪಿನ್ನನ್ನೇ, ಅಂಗಡಿಯವರು ಕತ್ತರಿಸಿ ಕೊಟ್ಟಿದ್ದಾರೆ. ಅದು ಗೊತ್ತಾಗಿದ್ದು ಇಂದು ಬೆಳಿಗ್ಗೆ, ಶಿವಬಸವ ನಗರದ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ.

ಬ್ಲೇಡಿನ ಕೆಳಗಿನ ತಟ್ಟೆಗೆ ನೀರು ತುಂಬಿ, ಕಣ್ಣಿಗೆ ಕನ್ನಡಕ ಹಾಕಿ, ಬಚ್ಚಲಿಗೆಂದು ಟೈಲ್ಸ್ ಕತ್ತರಿಸುತ್ತಿದ್ದೆ. ಯಂತ್ರದ ಮೈಗೆ ತಾಗಿದ ಬೆರಳು ಜುಂ ಎಂದಿತು. ಭ್ರಮೆಯಿರಬೇಕೆಂದು ಮತ್ತೆ ಮುಟ್ಟಲು ಹೋದೆ. ಖಾನಾಪುರದಿಂದ ಬಂದಿದ್ದ ನಾದಿನಿ ಓಡಿಬಂದು ಗೋಡೆಯ ಸ್ವಿಚ್ ಆರಿಸಿದಳು.

“ಮಾಮಾ, ಕೈ ಹಸಿ, ಕಾಲಾಗ ಚಪ್ಪಲಿ ಇಲ್ಲ. ಖರೇ ಶಾಕ್ ಐತೇನಂತ ಇನ್ನೊಮ್ಮೆ ಮುಟ್ಟಿ ನೋಡ್ತೀರಿ? ಅಕ್ಕಾಗ ನಾ ಏನ್ ಹೇಳ್ಲಿ?”

ಪ್ಲಗ್ ಕಿತ್ತು ನೋಡಿದರೆ ಮೂರು ಪಿನ್ನಿನ ಜಾಗದಲ್ಲಿ ಎರಡೇ ಇದ್ದವು. ಅಂಗಡಿಗೆ ಫೋನ್ ಮಾಡಿದೆ.

“ನಿಮ್ಮ ಬೋರ್ಡಿಗೆ ಸಲೀಸ ಕುಂದರ್ಲಿ ಅಂತ ಕಟ್ ಮಾಡೇವ್ರಿ. ಎಲ್ಲಾರಿಗೂ ಹಂಗ ಮಾಡಿಕೊಡ್ತೀವಿ,” ಎಂದರು ಮಾಲೀಕರು.

ನಮ್ಮ ತಾಯಿಯ ಗ್ರೈಂಡರಿಗೆ ಬೇರೊಂದು ಅಂಗಡಿ ಮಾಡಿದ್ದ ಇದೇ ಉಪಕಾರ, ಅದರಿಂದ ಅವರಿಗೆ ಹೊಡೆದ ಶಾಕ್, ಎರಡೂ ನನಗಿನ್ನೂ ನೆನಪಿವೆ.

ನಾದಿನಿಗೆ ಕೈ ಮುಗಿದೆ. ಈ ಪೋಸ್ಟನ್ನು ನಾನೇ ಬರೆಯುವಂತಾಗಿದ್ದು ಅವಳಿಂದ. ಅವಳ ಋಣ ತೀರಿಸಲಾಗದು.

ಮಾಲೀಕರೂ ಈ ಗುಂಪಿನಲ್ಲಿದ್ದಾರೆ. ನೀರಿನಲ್ಲಿ ಓಡುವ ಯಂತ್ರಗಳ ಪಿನ್ನು ಕತ್ತರಿಸಿ ಇನ್ನೂ ಯಾರ್ಯಾರ ಮನೆಗೆ ಕಳಿಸಿದ್ದಾರೆಂದು ಇಲ್ಲಿಯೇ, ಎಲ್ಲರೆದುರು ಹೇಳಲಿ.