ಕಾರಿನ ಗಾಲಿಗೊಂದು ಸಿಂಬೆ

ಮೊನ್ನೆ ಮಹಾಂತೇಶ ನಗರದ ಚಿಕ್ಕಪ್ಪನ, ಅಂದರೆ ನಮ್ಮ ಕಾಕಾ-ಕಾಕಿಯ ಮನೆಯಲ್ಲಿ ಕಾಕಾನ ಜೊತೆ ಊಟಕ್ಕೆ ಕುಳಿತಾಗ ಮೊಸರು ಬೇಕೆನಿಸಿ ನಾನೇ ಅಡುಗೆಮನೆಗೆ ಹೋಗಿ ಪುಟ್ಟ ಗಡಿಗೆಯನ್ನು ಎತ್ತಿದೆ. ಕೆಳಗೊಂದು ಕಪ್ಪು ಪ್ಲಾಸ್ಟಿಕ್ ಬಳೆ. ಗುಂಡು ತಳದ ಗಡಿಗೆ ಉರುಳದಂತೆ ಬಟ್ಟೆ ಸುತ್ತಿ ಇಡುತ್ತಾರಲ್ಲ, ಆ ಸಿಂಬೆಯ ಕೆಲಸವನ್ನು ಅದು ಮಾಡುತ್ತಿತ್ತು. ಗಡಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ಆ ಬಳೆ ನನಗೆ ಚೆನ್ನಾಗಿ ಗೊತ್ತು. ಅದರ ಕಥೆಯನ್ನು ಇಪ್ಪತ್ತು ವರ್ಷಗಳಿಂದ ಮದುವೆ, ಮುಂಜಿ, ಗೃಹಪ್ರವೇಶ ಯಾವುದನ್ನೂ ಬಿಡದೆ ಹೇಳಿಕೊಂಡು ಬಂದವನು ನಾನು. ನಿಮಗೂ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಕೆಲಸವಿರಲಿಲ್ಲ, ಅಭಿಪ್ರಾಯಗಳು ಬೇಕಾದಷ್ಟಿದ್ದವು. ಪ್ರಯೋಗಾಲಯದ ಚಟ ಅಂಟಿಕೊಂಡು ಮನೆಯ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸುತ್ತಿದ್ದೆ. ಉಪ್ಪಿಗೆ ‘ಉಪ್ಪು’ ಎಂದು ಬರೆದು ಕೆಳಗೆ ಸಹಿ ಹಾಕುವಷ್ಟು ಕಾಯಿಲೆ ಬಲಿತಿತ್ತು.

ಆಗ ಕಾಕಾ ಕೊಲ್ಹಾಪುರದಿಂದ ತಮ್ಮ ಹಳೆಯ ಕಾರಿಗೆ ನಾಲ್ಕು ಅಲಾಯ್ ಗಾಲಿ ತಂದರು. ಕಾರು ಬಿಳಿಯದೋ ಕೆನೆ ಬಣ್ಣದ್ದೋ, ಪ್ರಮಾಣ ಮಾಡಲಾರೆ. ಗಾಲಿಗಳು ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅವುಗಳ ಜೊತೆ ಒಂದು ಚೀಲದಲ್ಲಿ ನಾಲ್ಕು ಕಪ್ಪು ಬಳೆಗಳೂ ಇದ್ದವು. ಅವು ಏನೆಂದು ತಿಳಿಯದೆ ಕಾಕಾ ಎಸೆದರು, ಕಾಕಿ ಎತ್ತಿಟ್ಟರು. ನನ್ನ ಕಥೆ ಯಾವಾಗಲೂ ಹೀಗೇ ಶುರುವಾಗುತ್ತದೆ.

ಗಾಲಿ ಕೂಡಿಸಿದ ಮೇಲೆ ಕಾರು ಅರವತ್ತು ದಾಟಿದರೆ ಸಾಕು, ಸ್ಟೇರಿಂಗಿಗೆ ಚಳಿಜ್ವರ ಬರುತ್ತಿತ್ತು. ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಇಳಿಯಲಿಲ್ಲ. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಕಾಕಿಯ ತವರು ಖಾನಾಪುರ. ಅವರ ಅಣ್ಣ ವರ್ಷವಿಡೀ ಕಾಯುವುದು ತಂಗಿ ಕಟ್ಟಿದ ಶೇಂಗಾ ಉಂಡಿಗಾಗಿ. ಕಾಕಾ ಕಾಯುವುದು ಆ ಭಾವನ ಎದುರು ಗತ್ತಿನಿಂದ ಕಾರು ನಿಲ್ಲಿಸುವ ಗಳಿಗೆಗಾಗಿ. ಕಾಕಿ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತರು. ನಾನು ವಿಜ್ಞಾನದೊಂದಿಗೆ ಹಿಂದೆ ಕುಳಿತೆ.

ಊರು ದಾಟುತ್ತಲೇ ಕಾರು ನಡುಗತೊಡಗಿತು.

“ಇದು ಅನುನಾದ ಕಾಕಾ,” ಎಂದೆ. “ಒಂದು ವೇಗಕ್ಕಷ್ಟೇ ಇರತದ. ಜೋರ ಹೊಡೀರಿ, ದಾಟಿ ಹೋಗತದ.”

ಕಾಕಾ ಜೋರು ಹೊಡೆದರು. ಎಪ್ಪತ್ತಕ್ಕೆ ಕನ್ನಡಿ ಕುಣಿಯಿತು, ಎಪ್ಪತ್ತೈದಕ್ಕೆ ನನ್ನ ಹಲ್ಲು.

“ಏ, ಇನ್ನೆಷ್ಟು ದಾಟಬೇಕೋ?” ಎಂದು ಕಾಕಾ ಕೂಗಿದರು.

“ಇನ್ನ ಸ್ವಲ್ಪ!”

ಖಾನಾಪುರದಲ್ಲಿ ಡಬ್ಬಿ ತೆರೆದರೆ ಉಂಡಿಯೆಂಬುದೇ ಇರಲಿಲ್ಲ, ಪುಡಿ ಇತ್ತು. ಕಾಕಿಯ ಅಣ್ಣ ಒಳಗೆ ಹೋಗಿ ಚಮಚ ತಂದರು. ಎರಡು ಚಮಚ ಬಾಯಿಗೆ ಹಾಕಿಕೊಂಡು, “ಭಾವಜೀ, ಮುಂದಿನ ಸರ್ತಿ ಗಾಡಿಗೆ ಶೇಂಗಾ ಹಾಕ್ರಿ ಸಾಕು, ಚಟ್ನಿ ತಾನ ಆಗತೈತಿ,” ಎಂದರು. ಕಾಕಾನ ಮುಖ ನೋಡಲಾಗಲಿಲ್ಲ. ಕಾಕಿ ಅಲ್ಲೇ ತೀರ್ಪು ಕೊಟ್ಟರು: “ನಾ ಬಸ್ಸಿಗೆ ಬರತೇನಿ. ಬರೂ ಐತವಾರ ಒಂದೂ ಉಂಡಿ ಒಡೀದಂಗ ಇಲ್ಲಿ ತನಾ ತರಬೇಕು. ಇಲ್ಲಂದ್ರ ಈ ಗಾಡ್ಯಾಗ ನಾ ಮತ್ತ ಕುಂದ್ರೂದಿಲ್ಲ.” ಬಸ್ಸಿಗೆ ಹೊರಟ ಕಾಕಿ ನಮಗಿಂತ ಮೊದಲೇ ಮನೆ ಮುಟ್ಟಿದ್ದರು. ನಲವತ್ತರ ಮೇಲೆ ಹೋಗುವ ಧೈರ್ಯ ನಮಗಿರಲಿಲ್ಲ.

ಮರುದಿನ ಟಿಳಕವಾಡಿಯ ಮೇಸ್ತ್ರಿ ಪರಶುರಾಮ ಗಾಲಿ ಬಿಚ್ಚಿದ. ನಾನು ಅನುನಾದದ ಬಗ್ಗೆ ಹೇಳುತ್ತಲೇ ಇದ್ದೆ. ಅವನು ಗಾಲಿಯ ನಡುವಿನ ತೂತಿಗೂ ಅದನ್ನು ಹೊರುವ ಗುಂಬಕ್ಕೂ ನಡುವೆ ಕಿರುಬೆರಳ ಉಗುರು ತೂರಿಸಿ ತೋರಿಸಿದ.

“ಇದು ಹೊರಗಿಂದ ತಂದ ಗಾಲಿ ನೋಡ್ರಿ, ತೂತು ದೊಡ್ಡದೈತಿ. ಗಾಲಿ ಹಬ್ಬಿನ ಮ್ಯಾಲ ಕುಂತಿಲ್ಲ, ಬರೇ ನಟ್ಟಿಗೆ ಜೋತು ಬಿದ್ದೈತಿ. ಇದರ ನಡುವ ಕೂಡ್ಸೂ ಕರೀ ರಿಂಗ್ ಎಲ್ಲಿ?”

ಕಾಕಾ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮನೆಗೆ ಬಂದರೆ ನಾಲ್ಕೂ ಬಳೆಗಳು ಅಡುಗೆಮನೆಯಲ್ಲಿ ಕೆಲಸದಲ್ಲಿದ್ದವು. ಮೊಸರು, ಉಪ್ಪಿನಕಾಯಿ, ತುಪ್ಪ, ಹುಣಸೆಹುಳಿ, ಒಂದೊಂದರ ಕೆಳಗೆ ಒಂದೊಂದು.

“ಗಡಿಗಿ ಉಳ್ಳಿದ್ರ ಯಾರು ಬಳೀತೀರಿ?” ಎಂದರು ಕಾಕಿ. ಎರಡು ದಿನ ಕೂತು ನಾನು ಹಳೆಯ ಧೋತರ ಸುತ್ತಿ ನಾಲ್ಕು ಸಿಂಬೆ ಮಾಡಿಕೊಟ್ಟ ಮೇಲೆ ಬಳೆಗಳಿಗೆ ಬಿಡುಗಡೆಯಾಯಿತು.

ಪರಶುರಾಮ ಗುಂಬದ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ ತೆಗೆದ. ಬಳೆಯನ್ನು ಗಾಲಿಯ ತೂತಿಗೆ ಒತ್ತಿ ಕೂಡಿಸಿದ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಒಂದು ಬಿಗಿದರೆ ಮುಂದಿನದು ಎದುರಿನದು ಎಂಬಂತೆ ಸ್ಪ್ಯಾನರ್ ಹಾಕಿದ. ಗಾಲಿ ಗುಂಬವನ್ನು ಕಚ್ಚಿ ಕುಳಿತಾಗ ‘ಟಕ್’ ಎಂದಿತು. ಆ ಸದ್ದು ಖರೆಯೋ ನಾನು ಆಮೇಲೆ ಸೇರಿಸಿದ್ದೋ ಗೊತ್ತಿಲ್ಲ.

ಆ ಭಾನುವಾರ ಕಾಕಿ ಹೊಸ ಉಂಡಿ ಕಟ್ಟಿಕೊಂಡು ಕುಳಿತರು. ಅರವತ್ತು. ಎಪ್ಪತ್ತು. ಕಾಕಿ ಡಬ್ಬಿಯ ಮುಚ್ಚಳ ಒತ್ತಿ ಹಿಡಿದರು. ಸ್ಟೇರಿಂಗ್ ಊಟ ಮಾಡಿ ಮಲಗಿದವರ ಹಾಗೆ ತಣ್ಣಗಿತ್ತು. ಖಾನಾಪುರದಲ್ಲಿ ಕಾಕಿಯ ಅಣ್ಣ ಚಮಚ ಹಿಡಿದೇ ಬಾಗಿಲಿಗೆ ಬಂದರು. ಡಬ್ಬಿಯಲ್ಲಿ ಇಡಿಯಾದ ಉಂಡಿ ನೋಡಿ ಚಮಚವನ್ನು ಮೆಲ್ಲಗೆ ಕಿಸೆಗೆ ಇಳಿಸಿದರು. ಒಂದು ಉಂಡಿ ಒಡೆದಿತ್ತೆಂದೂ ದಾರಿಯಲ್ಲೇ ಅದನ್ನು ನಾನು ತಿಂದು ಮುಗಿಸಿದೆನೆಂದೂ ಒಂದು ಮಸುಕು ನೆನಪಿದೆ. ಸಾಕ್ಷಿಯಿಲ್ಲ.

ಕಾರು ಮಾರುವಾಗ ಕೊಂಡವನು ಹಳೆಯ ಗಾಲಿಗಳನ್ನೇ ಕೇಳಿದ. ಅವಕ್ಕೆ ಬಳೆ ಬೇಕಿರಲಿಲ್ಲ. ಬಳೆಗಳು ಅಡುಗೆಮನೆಗೆ ಮರಳಿದವು.

ಮೊನ್ನೆ ಗಡಿಗೆ ಹಿಡಿದು ತಾಟಿನ ಮುಂದೆ ಬಂದು ಕುಳಿತು ಇದನ್ನೆಲ್ಲ ಮತ್ತೆ ಹೇಳುತ್ತ, “ಕಾಕಾ ಎಸೆದರಲ್ಲ,” ಎಂದೆ. ಕಾಕಿ ಎದ್ದು ಹೋಗಿ ತಮ್ಮ ಸೂಜಿದಾರದ ಚೀಲ ತಂದು ನನ್ನ ತಾಟಿನ ಪಕ್ಕ ಇಟ್ಟರು. ಬಳೆಗಳು ಬಂದಿದ್ದ ಅದೇ ಪ್ಲಾಸ್ಟಿಕ್ ಚೀಲ. ಮೇಲೆ ಹಳದಿಗಟ್ಟಿದ ಚೀಟಿ: ‘ಬರೀ ಪ್ಯಾಕಿಂಗ್. ಎಸೆಯಬಹುದು.’ ಕೆಳಗೆ ನನ್ನ ಸಹಿ.

ಅಕ್ಷರ ನನ್ನದಲ್ಲ ಎನ್ನಲು ಬಾಯಿ ತೆರೆದೆ. ಸಹಿಯ ಬಾಲದ ಸುಳಿ ನೋಡಿ ಮುಚ್ಚಿದೆ.

“ಇಷ್ಟ ವರ್ಷ ಯಾಕ ಸುಮ್ಮನಿದ್ರಿ ಕಾಕಾ? ಮಂದಿ ಮುಂದ ನಿಮಗ ಎಷ್ಟ ಸಲ ದಡ್ಡ ಅಂದೇನಿ.”

ಕಾಕಾ ಅನ್ನ ಕಲಸುತ್ತ ನಕ್ಕರು. “ಭಾಳ ಚಂದ ಹೇಳತಿದ್ದಿ. ಮಂದೀನೂ ನಗತಿದ್ರು. ನಡುವ ಎದ್ದು ನಿಂತು ಹಂಗಲ್ಲ ಅನ್ನಲೇನು?”

“ಮಸರ ತರ್ತೇನಿ ಅಂತ ಎದ್ದಾಂವ ಗಡಿಗಿ ಹಿಡಕೊಂಡು ಕಥೀ ಹೇಳಕೋತ ಕುಂತಾನ,” ಎಂದರು ಕಾಕಿ. ನಾನು ಮೊದಲು ಕಾಕಾಗೆ ಬಡಿಸಿದೆ. ಆಮೇಲೆ ಒಳಗೆ ಹೋಗಿ ಗಡಿಗೆಯನ್ನು ಬಳೆಯ ಮೇಲಿಟ್ಟು ಮೆಲ್ಲಗೆ ತಿರುಗಿಸಿ ನೋಡಿದೆ. ನಡುವಿಗೆ ಸರಿಯಾಗಿ ಕೂತಿತ್ತು. ಚೀಟಿ ಅಂಟಿಸುವ ಮನಸ್ಸಾಗಲಿಲ್ಲ.